ಮುಖಕ್ಕೆ ಸೂಜಿ ಚುಚ್ಚಿಸಿಕೊಳ್ಳುವ ಯೋಚನೆ ಇದ್ದರೆ ನನ್ನ ಕೆನ್ನೆಯ ಕಥೆ ಕೇಳಿ

ನನ್ನ ಎಡಗೆನ್ನೆಯಲ್ಲಿ, ಮೂಗಿನಿಂದ ಎರಡು ಬೆರಳು ಆಚೆ, ಒಂದು ಸಣ್ಣ ಕುಳಿ ಇದೆ. ಸುತ್ತಲೂ ಚರ್ಮ ಸ್ವಲ್ಪ ಕಪ್ಪಾಗಿದೆ. ಮುಖದ ಗೆರೆಗಳು ಕಡಿಮೆಯಾಗಲಿ ಅಂತ ಅಕ್ಯುಪಂಕ್ಚರ್ ಮಾಡಿಸಿಕೊಳ್ಳಲು ಹೋಗಿದ್ದೆ. ಅಲ್ಲಿಂದ ತಂದುಕೊಂಡ ಕಲೆ ಇದು. ಇದರ ಬಗ್ಗೆ ಬರೆಯಬೇಕೋ ಬೇಡವೋ ಅಂತ ತುಂಬಾ ದಿನ ಯೋಚಿಸಿದೆ. ಪರಿಚಯದ ಒಬ್ಬರು ಮೊನ್ನೆ "ನಾನೂ ಮಾಡಿಸ್ಕೊಳ್ಳೋಣ ಅಂತಿದೀನಿ, ಹೇಗಿತ್ತು?" ಅಂತ ಕೇಳಿದರು. ಅದಕ್ಕೇ ಬರೆಯುತ್ತಿದ್ದೇನೆ.

ನನಗೆ ಆಗ 46 ವರ್ಷ. ಮೂಗಿನ ಪಕ್ಕದಿಂದ ಬಾಯಿಯವರೆಗೆ ಗೆರೆ ಆಳವಾಗಿತ್ತು. ಸುಕ್ಕು ಕಡಿಮೆ ಮಾಡುವ ಬೋಟಾಕ್ಸ್ ಇಂಜೆಕ್ಷನ್ ಅಂದರೆ ಭಯ. ಅಕ್ಯುಪಂಕ್ಚರ್‌ನಲ್ಲಿ ಔಷಧಿ ಇಲ್ಲ, ಕೆಮಿಕಲ್ ಇಲ್ಲ, ಪೂರ್ತಿ ನೈಸರ್ಗಿಕ ಅಂತ ಅದನ್ನು ಮಾಡುವವರು ಹೇಳಿದರು. ಕೂದಲಿನಷ್ಟು ತೆಳ್ಳಗಿನ ಸೂಜಿಗಳನ್ನು ಮುಖಕ್ಕೆ ಚುಚ್ಚುತ್ತಾರೆ. ಆ ಸಣ್ಣ ಗಾಯಗಳು ಮಾಯುವಾಗ ಚರ್ಮ ತನ್ನನ್ನು ಬಿಗಿಯಾಗಿಡುವ ಕೊಲಾಜೆನ್ ಅನ್ನುವ ಪ್ರೋಟೀನನ್ನು ಹೊಸದಾಗಿ ತಯಾರಿಸುತ್ತದೆ, ಸುಕ್ಕು ತುಂಬಿಕೊಳ್ಳುತ್ತದೆ ಅನ್ನುವುದು ಲೆಕ್ಕಾಚಾರ. ಗಾಯ ಮಾಯುವಾಗ ಕೊಲಾಜೆನ್ ಬೆಳೆಯುವುದು ನಿಜವೇ. ಆದರೆ ಅಷ್ಟರಿಂದಲೇ ಸುಕ್ಕು ಹೋಗುತ್ತದೆ ಅನ್ನಲು ಸರಿಯಾದ ಪುರಾವೆ ಬೇಕಲ್ವಾ? 2013ರಲ್ಲಿ ಕೊರಿಯಾದ ಸಂಶೋಧಕರು ಒಂದು ಸಣ್ಣ ಅಧ್ಯಯನ ಪ್ರಕಟಿಸಿದ್ದರು. ಅದರಲ್ಲಿ ಇದ್ದದ್ದು 30ಕ್ಕೂ ಕಡಿಮೆ ಮಹಿಳೆಯರು. ಮೂರು ವಾರದಲ್ಲಿ ಐದು ಸಲ ಸೂಜಿ ಹಾಕಿದ್ದರು. ಹಾಕಿಸಿಕೊಳ್ಳದವರ ಜೊತೆ ಹೋಲಿಸಿ ನೋಡಿರಲಿಲ್ಲ. ಇದನ್ನೆಲ್ಲ ಮೊದಲೇ ಓದಬೇಕಿತ್ತು. ನಾನು ಓದಿದ್ದು ಎಲ್ಲ ಮುಗಿದ ಮೇಲೆ.

ಹನ್ನೆರಡು ಸಿಟ್ಟಿಂಗ್‌ನ ಪ್ಯಾಕೇಜ್. ಹಣ ಮೊದಲೇ ಕಟ್ಟಿಸಿಕೊಂಡರು. ನಾನು ಯಾವ ಮಾತ್ರೆ ತಗೊಳ್ತೀನಿ ಅಂತ ಯಾರೂ ಕೇಳಲಿಲ್ಲ. ವೈದ್ಯರು ಹೇಳಿದ್ದರಿಂದ ನಾನು ದಿನಾ ಕಡಿಮೆ ಡೋಸಿನ ಆಸ್ಪಿರಿನ್ ತೆಗೆದುಕೊಳ್ಳುತ್ತಿದ್ದೆ. ಅದು ರಕ್ತ ಬೇಗ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ. ಹೇಳೋಣವೇ ಅಂತ ಒಂದು ಕ್ಷಣ ಅನಿಸಿತ್ತು. ನೈಸರ್ಗಿಕ ಅಲ್ವಾ, ಇದಕ್ಕೆಲ್ಲ ಯಾಕೆ ಅಂತ ಸುಮ್ಮನಾದೆ.

ಇನ್ನೊಂದನ್ನೂ ನೋಡಿ ಸುಮ್ಮನಾದೆ. ಸೂಜಿಗಳು ಪ್ಯಾಕೆಟ್‌ನಲ್ಲಿ ಇರಲಿಲ್ಲ. ಸ್ಟೀಲಿನ ತಟ್ಟೆಯೊಂದರಲ್ಲಿ ಯಾವುದೋ ದ್ರವದಲ್ಲಿ ಮುಳುಗಿದ್ದವು. ಕೇಳಿದರೆ ಅವರಿಗೆ ಬೇಜಾರಾಗಬಹುದು ಅನಿಸಿತು.

ಮೊದಲ ಸಲ ಮುಗಿಸಿ ಕನ್ನಡಿ ನೋಡಿದಾಗ ಮುಖ ನಿಜವಾಗಿಯೂ ಹೊಳೆಯುತ್ತಿತ್ತು. ಕೆನ್ನೆ ತುಂಬಿಕೊಂಡಂತೆ ಕಾಣುತ್ತಿತ್ತು. ಚುಚ್ಚಿದ ಜಾಗಕ್ಕೆ ರಕ್ತ ನುಗ್ಗುತ್ತದೆ, ಸ್ವಲ್ಪ ಊತ ಬರುತ್ತದೆ, ಅದಕ್ಕೇ ಹಾಗೆ ಕಾಣುವುದು. ಮಾರನೇ ದಿನದ ಹೊತ್ತಿಗೆ ಊತ ಇಳಿದು ಮುಖ ಮೊದಲಿನಂತೆಯೇ ಆಗಿತ್ತು. ಆದರೂ ಆ ಒಂದು ಸಂಜೆಯ ಹೊಳಪು ನನ್ನನ್ನು ಮುಂದಿನ ವಾರಗಳಿಗೆ ಎಳೆದುಕೊಂಡು ಹೋಯಿತು.

ಎರಡನೇ ಸಲ ಬಲಗಣ್ಣಿನ ಕೆಳಗೆ ನೀಲಿಗಟ್ಟಿತು. ಕಣ್ಣಿನ ಕೆಳಗಿನ ಚರ್ಮ ಮುಖದಲ್ಲೇ ಅತಿ ತೆಳ್ಳಗಿನದು, ಹೆಚ್ಚು ಕಡಿಮೆ ಅರ್ಧ ಮಿಲಿಮೀಟರ್. ಅದರಡಿ ರಕ್ತನಾಳಗಳು ಜಾಸ್ತಿ. ಎಚ್ಚರದಿಂದ ಚುಚ್ಚಿದರೂ ಅಲ್ಲಿ ರಕ್ತ ಕಟ್ಟಬಹುದು. ಆಸ್ಪಿರಿನ್ ತೆಗೆದುಕೊಳ್ಳುವವರಿಗೆ ಇನ್ನೂ ಜಾಸ್ತಿ. ನೀಲಿ ಹಸಿರಾಗಿ, ಹಸಿರು ಹಳದಿಯಾಗಿ, ಪೂರ್ತಿ ಹೋಗಲು ಎರಡು ವಾರ ಬೇಕಾಯಿತು. ಸೂಜಿ ಹಾಕುವವರನ್ನು ಕೇಳಿದೆ. "ಕೆಟ್ಟ ರಕ್ತ ಮೇಲೆ ಬರ್ತಿದೆ ಅಷ್ಟೇ, ಒಳ್ಳೇದೇ ಆಯ್ತು" ಅಂದರು.

ಆರನೇ ವಾರದ ಹೊತ್ತಿಗೆ ಎಡಗೆನ್ನೆಯಲ್ಲಿ ಒಂದು ಗಂಟು ಕೈಗೆ ಸಿಕ್ಕಿತು. ಗಟ್ಟಿ, ಕೆಂಪು. ನೋವು ಅಷ್ಟೇನೂ ಇರಲಿಲ್ಲ. "ದೇಹ ವಿಷ ಹೊರಗೆ ಹಾಕ್ತಿದೆ. ಈಗ ನಿಲ್ಲಿಸಿದ್ರೆ ಅದು ಒಳಗೇ ಉಳಿಯುತ್ತೆ" ಅಂದರು. ಅಂದು ಗಂಟಿನ ಸುತ್ತಲೇ ನಾಲ್ಕು ಸೂಜಿ ಚುಚ್ಚಿದರು. ನಾನು ಕಣ್ಣು ಮುಚ್ಚಿ ಮಲಗಿದ್ದೆ.

ನನಗೆ ಈಗಲೂ ಸಿಟ್ಟು ಬರುವುದು ಆ ಮಾತಿನ ಮೇಲೆಯೇ. ಮುಖ ಹೊಳೆದರೆ ಚಿಕಿತ್ಸೆ ಕೆಲಸ ಮಾಡುತ್ತಿದೆ. ನೀಲಿಗಟ್ಟಿದರೂ ಕೆಲಸ ಮಾಡುತ್ತಿದೆ. ಗಂಟು ಬಂದರೂ ಕೆಲಸ ಮಾಡುತ್ತಿದೆ. ಹಾಗಾದರೆ ನಿಲ್ಲಿಸಬೇಕು ಅಂತ ಗೊತ್ತಾಗುವುದು ಯಾವಾಗ? ನನ್ನ ಮುಖ ಸ್ಪಷ್ಟವಾಗಿ ಹೇಳುತ್ತಿದ್ದದ್ದನ್ನು ನಾನು ಕೇಳಿಸಿಕೊಳ್ಳದಂತೆ ಮಾಡಿದ್ದು ಆ ವಿವರಣೆ. ಯಾರಾದರೂ ನಿಮಗೂ ಹೀಗೆ ಹೇಳಿದರೆ ದಯವಿಟ್ಟು ಅಲ್ಲಿಂದ ಎದ್ದು ಬನ್ನಿ. ಕಟ್ಟಿದ ಹಣ ಹೋದರೆ ಹೋಗಲಿ. ನಾನು ಹಣದ ಮುಖ ನೋಡಿ ಇನ್ನೂ ಎರಡು ಸಲ ಹೋದೆ.

ಆಮೇಲೆ ಗಂಟು ಒಡೆದು ಕೀವು ಬಂತು. ವೈದ್ಯರ ಹತ್ತಿರ ಹೋದೆ. ಸೂಜಿಯ ವಿಷಯ ಹೇಳಲು ನಾಚಿಕೆಯಾಯಿತು. ಮೊಡವೆ ಕೀವಾಗಿದೆ ಅಂದೆ. ಅವರು ಮಾಮೂಲಿ ಆಂಟಿಬಯೋಟಿಕ್ ಬರೆದುಕೊಟ್ಟರು. ಹತ್ತು ದಿನ ತೆಗೆದುಕೊಂಡರೂ ಏನೂ ಬದಲಾಗಲಿಲ್ಲ. ಪಕ್ಕದಲ್ಲೇ ಇನ್ನೊಂದು ಗಂಟು ಎದ್ದಿತು. ಕೊನೆಗೆ ಚರ್ಮರೋಗ ತಜ್ಞೆಯೊಬ್ಬರು ನೋಡಿದ ಕೂಡಲೇ "ಮುಖಕ್ಕೆ ಏನಾದ್ರೂ ಚುಚ್ಚಿಸ್ಕೊಂಡಿದ್ರಾ?" ಅಂತ ಕೇಳಿದರು. ಅಲ್ಲೇ ಅಳು ಬಂತು.

ಗಂಟಿನ ಚೂರು ತೆಗೆದು ಬಯಾಪ್ಸಿ ಮಾಡಿಸಿದರು. ಕ್ರಿಮಿ ಬೆಳೆಸಿ ನೋಡುವ ಕಲ್ಚರ್‌ ಪರೀಕ್ಷೆಗೂ ಕಳಿಸಿದರು. ಕ್ಷಯ ರೋಗದ ಕ್ರಿಮಿಯ ದೂರದ ಸಂಬಂಧಿ, ಮೈಕೋಬ್ಯಾಕ್ಟೀರಿಯಂ ಅಬ್ಸೆಸಸ್ ಅಂತ ಬಂತು. ಇವು ನಲ್ಲಿ ನೀರಿನಲ್ಲಿ, ಮಣ್ಣಿನಲ್ಲಿ ಇರುವ ಕ್ರಿಮಿಗಳು. ಸುಮ್ನೆ ಮೈಮೇಲೆ ಬಿದ್ದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಸೂಜಿಯ ಜೊತೆ ಚರ್ಮದ ಒಳಗೆ ಹೋದರೆ ಬೇರೂರುತ್ತವೆ. ಕೆಲವು ಕ್ರಿಮಿನಾಶಕ ದ್ರವಗಳಲ್ಲಿ ಮುಳುಗಿಸಿಟ್ಟರೂ ಸಾಯುವುದಿಲ್ಲ. ಚುಚ್ಚಿದ ಎಷ್ಟೋ ವಾರದ ಮೇಲೆ, ಕೆಲವೊಮ್ಮೆ ತಿಂಗಳುಗಳ ಮೇಲೆ ಗಂಟು ಕಾಣಿಸಿಕೊಳ್ಳುವುದರಿಂದ ಎರಡಕ್ಕೂ ಸಂಬಂಧ ಇದೆ ಅಂತ ಹೊಳೆಯುವುದೇ ಇಲ್ಲ. ಅಕ್ಯುಪಂಕ್ಚರ್ ಆದ ಮೇಲೆ ಇಂಥ ಸೋಂಕು ಹಲವರಿಗೆ ಒಟ್ಟಿಗೆ ಬಂದದ್ದು ವೈದ್ಯಕೀಯ ವರದಿಗಳಲ್ಲಿ ದಾಖಲಾಗಿದೆ. ಸೂಜಿ ಮತ್ತೆ ಮತ್ತೆ ಬಳಸಿದರೆ ಲಿವರ್‌ಗೆ ತಗಲುವ ಹೆಪಟೈಟಿಸ್ ಬಿ ಸೋಂಕು ಕೂಡ ಹರಡಬಹುದು. ನಾನು ಆ ಪರೀಕ್ಷೆಯನ್ನೂ ಮಾಡಿಸಿಕೊಂಡೆ, ವರದಿ ಬರುವವರೆಗೆ ನಿದ್ದೆ ಇರಲಿಲ್ಲ. ಪುಣ್ಯಕ್ಕೆ ಏನೂ ಇರಲಿಲ್ಲ.

ನಾಲ್ಕೂವರೆ ತಿಂಗಳು ಒಂದಕ್ಕಿಂತ ಹೆಚ್ಚು ಆಂಟಿಬಯೋಟಿಕ್. ಒಂದು ಕ್ಲಾರಿಥ್ರೋಮೈಸಿನ್. ಬಾಯಲ್ಲಿ ಯಾವಾಗಲೂ ಲೋಹದ ಕಹಿ. ಹೊರಗೆ ಹೋಗುವಾಗ ಕೆನ್ನೆಗೆ ಪಟ್ಟಿ.

ಸರಿಯಾಗಿ ಕಲಿತು, ಸ್ವಚ್ಛವಾಗಿ ಕೆಲಸ ಮಾಡುವ ಅಕ್ಯುಪಂಕ್ಚರ್ ತಜ್ಞರು ಖಂಡಿತ ಇದ್ದಾರೆ. ಅವರ ಹತ್ತಿರ ಹೋಗುವುದಾದರೂ ಸೂಜಿಯ ಸೀಲ್ ಮಾಡಿದ ಪ್ಯಾಕೆಟ್ ನಿಮ್ಮ ಕಣ್ಣೆದುರೇ ಒಡೆಯಬೇಕು. ಒಮ್ಮೆ ಬಳಸಿದ ಸೂಜಿ ಅಲ್ಲೇ ಡಬ್ಬಿಗೆ ಬೀಳಬೇಕು. ಎಷ್ಟು ಚುಚ್ಚಿದರು, ಎಷ್ಟು ತೆಗೆದರು ಅಂತ ಎಣಿಸಬೇಕು. ಕೂದಲ ಅಂಚಿನಲ್ಲಿ ಸೂಜಿ ಮರೆತುಬಿಡುವುದುಂಟು. ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲೇ ಅಕ್ಯುಪಂಕ್ಚರ್ ಸುರಕ್ಷತೆಗೆ ಮಾರ್ಗಸೂಚಿ ಕೊಟ್ಟಿದೆ. ಹಾಗಾಗಿ ಇದನ್ನೆಲ್ಲ ಕೇಳಿದರೆ ನೀವು ಯಾರನ್ನೂ ಅವಮಾನ ಮಾಡಿದಂತಲ್ಲ. ನೀವು ತೆಗೆದುಕೊಳ್ಳುವ ಮಾತ್ರೆಗಳನ್ನೆಲ್ಲ ಹೇಳಿ, ಫಿಶ್ ಆಯಿಲ್ ಕ್ಯಾಪ್ಸೂಲ್ ಕೂಡ. ಹಾಗಂತ ಆಸ್ಪಿರಿನ್ ಅಥವಾ ರಕ್ತ ತೆಳುವಾಗಿಸುವ ಬೇರೆ ಮಾತ್ರೆಯನ್ನು ಇದಕ್ಕೋಸ್ಕರ ನೀವಾಗಿಯೇ ನಿಲ್ಲಿಸಬೇಡಿ, ಅದು ಸೂಜಿಗಿಂತ ಅಪಾಯ. ಮುಖದಲ್ಲಿ ಕೀವು ತುಂಬಿದ ಮೊಡವೆ ಇದ್ದರೆ, ತುಟಿ ಹತ್ತಿರ ನೀರುಗುಳ್ಳೆ ಎದ್ದಿದ್ದರೆ ಆ ದಿನ ಬೇಡ. ಕಂದು ಚರ್ಮದವರಿಗೆ ಸಣ್ಣ ಗಾಯವೂ ಕಪ್ಪು ಕಲೆಯಾಗಿ ತಿಂಗಳುಗಟ್ಟಲೆ ಉಳಿಯಬಹುದು.

ಸುಕ್ಕಿಗೆ ಏನು ಮಾಡಲಿ ಅಂತ ಆ ತಜ್ಞೆಯನ್ನೇ ಕೇಳಿದೆ. ದಿನಾ ಸನ್‌ಸ್ಕ್ರೀನ್ ಹಚ್ಚಿ ಅಂದರು. ಆಸ್ಟ್ರೇಲಿಯಾದಲ್ಲಿ 903 ಜನರನ್ನು ನಾಲ್ಕೂವರೆ ವರ್ಷ ಗಮನಿಸಿ 2013ರಲ್ಲಿ ವರದಿ ಮಾಡಿದ್ದಾರೆ. ತಮಗೆ ತೋಚಿದಾಗ ಹಚ್ಚಿದವರಿಗಿಂತ ದಿನಾ ಹಚ್ಚಿದವರ ಚರ್ಮದಲ್ಲಿ ಮುಪ್ಪಿನ ಗುರುತು ಶೇ. 24ರಷ್ಟು ಕಡಿಮೆ ಇತ್ತು. ಇಷ್ಟು ಸರಳ ಮಾತು ನನಗೆ ಆವರೆಗೆ ಯಾರೂ ಹೇಳಿರಲಿಲ್ಲ.

ಈಗಾಗಲೇ ಸೂಜಿ ಹಾಕಿಸಿಕೊಂಡು, ಮುಖದಲ್ಲಿ ವಾಸಿಯಾಗದ ಗಂಟು ಇಟ್ಟುಕೊಂಡು ಇದನ್ನು ಓದುತ್ತಿರುವವರು ಇರಬಹುದು. ನಾಳೆಯೇ ಚರ್ಮರೋಗ ತಜ್ಞರ ಹತ್ತಿರ ಹೋಗಿ. ಯಾವ ದಿನ, ಎಲ್ಲಿ ಚುಚ್ಚಿಸಿಕೊಂಡಿರಿ ಅನ್ನುವುದನ್ನು ಮೊದಲು ಹೇಳಿ. ಈ ಕ್ರಿಮಿಯನ್ನು ಹುಡುಕುವ ಪರೀಕ್ಷೆಯನ್ನು ಬೇರೆಯಾಗಿ ಬರೆದುಕೊಡಬೇಕಾಗುತ್ತದೆ. ಸೂಜಿಯ ವಿಷಯ ಗೊತ್ತಾಗದಿದ್ದರೆ ಅದನ್ನು ಬರೆಯಬೇಕು ಅಂತ ವೈದ್ಯರಿಗೆ ಹೊಳೆಯದೇ ಇರಬಹುದು.