ದಾರಿಗೆ ಹತ್ತಕ್ಕೆ ಒಂಬತ್ತು, ವಾಪಸ್ ರೈಲಿಗೆ ಆರು: ದಕ್ಷಿಣ ಟಿರೋಲ್ ಸೈಕಲ್ ದಾರಿಗಳು, ಏಳು ವರ್ಷ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನಾನು ರೇಸ್ ಸೈಕಲ್‌ನವಳಲ್ಲ. ಮೈಸೂರಿನಲ್ಲಿ ಕಾಲೇಜಿಗೆ ಲೇಡಿಬರ್ಡ್ ತುಳಿದುಕೊಂಡು ಹೋಗುತ್ತಿದ್ದವಳು. ಆಮೇಲೆ ಬೆಂಗಳೂರಿನಲ್ಲಿ ಆರು ವರ್ಷ ಸೈಕಲ್ ಮುಟ್ಟಲೇ ಇಲ್ಲ, ಯಾಕೆ ಅಂತ ಔಟರ್ ರಿಂಗ್ ರೋಡ್ ನೋಡಿದವರಿಗೆ ಹೇಳಬೇಕಾಗಿಲ್ಲ. ಮ್ಯೂನಿಕ್‌ಗೆ ಬಂದ ಮೇಲೆ ಮತ್ತೆ ಶುರುವಾಯಿತು. ಏಳು ವರ್ಷದಿಂದ, ವರ್ಷಕ್ಕೆ ಒಂದು ಸಲ, ಕೆಲವೊಮ್ಮೆ ಎರಡು ಸಲ, ಆಲ್ಪ್ಸ್ ದಾಟಿ ಇಟಲಿಯ ದಕ್ಷಿಣ ಟಿರೋಲ್‌ಗೆ ಹೋಗಿ ಅಲ್ಲಿನ ಕಣಿವೆಗಳ ಸೈಕಲ್ ದಾರಿಗಳಲ್ಲಿ ಓಡಾಡಿ ಬರುತ್ತೇವೆ. ನಾನು, ಗಂಡ, ಈಗ ಒಂಬತ್ತು ವರ್ಷದ ಮಗಳು, ಒಂದು ಸಲ ಅಪ್ಪ ಕೂಡ. ಇಲ್ಲಿನ ಕನ್ನಡದ ಗೆಳೆಯರು ಪ್ರತಿ ಬೇಸಿಗೆಗೂ ಕೇಳುವುದು ಒಂದೇ ಪ್ರಶ್ನೆ: ನಿಜವಾಗಲೂ ಕಾರೇ ಇರಲ್ವಾ, ಮಕ್ಕಳನ್ನು ಕರ್ಕೊಂಡು ಹೋಗಬಹುದಾ? ಹೋಗಬಹುದು. ಆದರೆ ದಾರಿಗಿಂತ ಜಾಸ್ತಿ ಪಕ್ಕದ ರೈಲಿನ ಬಗ್ಗೆ ತಿಳ್ಕೊಂಡು ಹೋಗಿ. ಇಷ್ಟು ಕಲಿಯಲು ನಮಗೆ ಮೂರು ವರ್ಷ ಬೇಕಾಯಿತು.

ನಾವು ಜಾಸ್ತಿ ಹೋಗಿರುವುದು ವಿನ್ಶ್‌ಗೌ ಕಣಿವೆಗೆ. ಇಟಾಲಿಯನ್ನರು ವಾಲ್ ವೆನೋಸ್ತಾ ಅನ್ನುತ್ತಾರೆ. ಮೊದಲ ಮಹಾಯುದ್ಧದ ತನಕ ಈ ಸೀಮೆ ಆಸ್ಟ್ರಿಯಾದ ಕೈಲಿತ್ತು, ಹಾಗಾಗಿ ಪ್ರತಿ ಊರಿಗೂ ಜರ್ಮನ್ ಒಂದು, ಇಟಾಲಿಯನ್ ಒಂದು ಹೆಸರು, ಬೋರ್ಡ್ ನೋಡಿ ಗಾಬರಿಯಾಗಬೇಡಿ. ದಾರಿ ಶುರುವಾಗುವುದು ಆಸ್ಟ್ರಿಯಾ ಗಡಿಯ ರೆಶೆನ್ ಪಾಸ್‌ನಲ್ಲಿ, ಅಂದರೆ ಬೆಟ್ಟ ದಾಟುವ ಘಟ್ಟದಲ್ಲಿ, ಸುಮಾರು 1,500 ಮೀಟರ್ ಎತ್ತರ. ಕೆಳಗೆ ಮೆರಾನೊ ಇರುವುದು 325 ಮೀಟರ್‌ನಲ್ಲಿ. ನಡುವೆ 80 ಕಿಲೋಮೀಟರ್ ಚಿಲ್ಲರೆ. ಮೈಸೂರಿನವರಿಗೆ ಅರ್ಥವಾಗುವ ಹಾಗೆ ಹೇಳಬೇಕೆಂದರೆ, ನಾಲ್ಕು ಚಾಮುಂಡಿ ಬೆಟ್ಟ ಒಂದರ ಮೇಲೊಂದು ಇಟ್ಟು ಮೇಲಿಂದ ಇಳಿದ ಹಾಗೆ, ಅದೂ ನಿಧಾನವಾಗಿ, ಎರಡು ದಿನ.

ಮೇಲಕ್ಕೆ ಹೋಗುವುದು ಹೇಗೆ ಅನ್ನುವುದೇ ಮೊದಲ ತಲೆನೋವು. ಮ್ಯೂನಿಕ್‌ನಿಂದ ಇನ್ಸ್‌ಬ್ರುಕ್ ಮೂಲಕ ಲಾಂಡೆಕ್‌ವರೆಗೆ ರೈಲಿದೆ. ಅಲ್ಲಿಂದ ಮುಂದೆ ಇನ್ ನದಿಯ ಪಕ್ಕದಲ್ಲೇ ತುಳಿಯಬಹುದು, ಆದರೆ ಗಡಿ ಹತ್ತಿರ ಬಂದ ಹಾಗೆ ಹೆದ್ದಾರಿಯಲ್ಲಿ ಲಾರಿಗಳ ಜೊತೆ ಹತ್ತಬೇಕು, ಇಲ್ಲವೇ ಸ್ವಿಟ್ಜರ್ಲೆಂಡಿನ ಮಾರ್ಟಿನಾಗೆ ಸುತ್ತಿಕೊಂಡು ನಾರ್ಬರ್ಟ್ಸ್‌ಹೋಹೆ ಘಟ್ಟದ ತಿರುವುಗಳನ್ನು ಹತ್ತಬೇಕು. ಗಂಡ ಒಂದು ಸಲ ಹತ್ತಿದರು, ಸಂಜೆಯವರೆಗೂ ಅದನ್ನೇ ಹೇಳುತ್ತಿದ್ದರು. ನಾನು, ಮಗಳು ಸೈಕಲ್ ಹಾಕಿಕೊಳ್ಳುವ ಬಸ್ಸಿನಲ್ಲಿ ಹೋದೆವು. ನಾಚಿಕೆಯೇನೂ ಇಲ್ಲ.

ಪಾಸ್ ದಾಟಿದ ಕೂಡಲೇ ಕೆರೆ, ಕೆರೆಯ ನೀರಿನಿಂದ ನೆಟ್ಟಗೆ ಎದ್ದು ನಿಂತ ಚರ್ಚಿನ ಗೋಪುರ. ಫೋಟೋದಲ್ಲಿ ಎಲ್ಲರೂ ನೋಡಿರುತ್ತೀರಿ. 14ನೇ ಶತಮಾನದ ಗೋಪುರ. 1950ರಲ್ಲಿ ವಿದ್ಯುತ್ತಿಗಾಗಿ ಅಣೆಕಟ್ಟು ತುಂಬಿಸಿದಾಗ ಗ್ರೌನ್ ಅನ್ನುವ ಊರು ಮುಳುಗಿತು, 160ಕ್ಕೂ ಜಾಸ್ತಿ ಮನೆ ಹೋದವು, ಗೋಪುರ ಮಾತ್ರ ಉಳಿಯಿತು. ಜನ ಅಲ್ಲಿ ಐಸ್‌ಕ್ರೀಮ್ ಹಿಡಿದು ಸೆಲ್ಫಿ ತಗೊಳ್ಳುತ್ತಾರೆ. ಶರಾವತಿ ಹಿನ್ನೀರಿನಲ್ಲಿ ಮನೆ ಕಳೆದುಕೊಂಡ ಕುಟುಂಬದ ಗೆಳತಿಯೊಬ್ಬಳು ನಮ್ಮ ಜೊತೆ ಬಂದಿದ್ದಳು, ಅವಳು ಫೋಟೋ ತೆಗೆಯಲಿಲ್ಲ, ಸುಮ್ನೆ ಸೈಕಲ್ ತಳ್ಳಿಕೊಂಡು ಮುಂದೆ ಹೋದಳು.

ಕೆರೆ ದಾಟಿ ಬುರ್ಗೈಸ್ ಕಡೆ ಇಳಿಯುವ ಜಾಗ ಒಂದೇ ನಿಜಕ್ಕೂ ಕಡಿದು. ಮಕ್ಕಳಿದ್ದರೆ ಮಧ್ಯೆ ಮಧ್ಯೆ ನಿಲ್ಲಿಸಿ, ಬ್ರೇಕ್ ಬಿಸಿಯಾಗುತ್ತದೆ, ಪುಟ್ಟ ಬೆರಳುಗಳಿಗೂ ನೋವು ಬರುತ್ತದೆ. ಮಗಳ ಬ್ರೇಕ್ ಪ್ಯಾಡ್ ಒಂದೇ ಪ್ರವಾಸಕ್ಕೆ ಸವೆದು ಹೋಗಿತ್ತು. ಅದಾದ ಮೇಲೆ ಗ್ಲುರ್ನ್ಸ್, ಸುತ್ತ ಪೂರ್ತಿ ಕೋಟೆ ಗೋಡೆ ಉಳಿಸಿಕೊಂಡಿರುವ ಅಂಗೈ ಅಗಲದ ಊರು. ಊರು ಅನ್ನುವುದಕ್ಕಿಂತ ಪಟ್ಟಣ ಅನ್ನಬೇಕಂತೆ, ಅಲ್ಲಿನವರು ತಿದ್ದುತ್ತಾರೆ. ಇರುವವರು ಸಾವಿರ ಜನವೂ ಇಲ್ಲ.

ಇನ್ನು ಕಾರಿನ ವಿಷಯ. ಪೂರ್ತಿ ವಾಹನವೇ ಇಲ್ಲ ಅಂದರೆ ಸುಳ್ಳಾಗುತ್ತದೆ. ಬಹುಪಾಲು ದಾರಿ ಬರೀ ಸೈಕಲ್ಲಿಗೇ ಮಾಡಿದ ಡಾಂಬರು ದಾರಿ, ಚೆನ್ನಾಗಿ ನೋಡಿಕೊಂಡಿದ್ದಾರೆ. ಆದರೆ ಸೇಬಿನ ತೋಟಗಳ ನಡುವೆ ಹೋಗುವಾಗ ರೈತರ ಟ್ರ್ಯಾಕ್ಟರ್‌ಗಳೂ ಅದೇ ದಾರಿಗೆ ಬರುತ್ತವೆ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಸೇಬು ಕೀಳುವ ಕಾಲ, ದೊಡ್ಡ ದೊಡ್ಡ ಡಬ್ಬಗಳನ್ನು ಸಾಲಾಗಿ ಎಳೆದುಕೊಂಡು ಬರುತ್ತಾರೆ, ನಾವೇ ಬದಿಗೆ ನಿಲ್ಲಬೇಕು. ಅವರ ಹೊಟ್ಟೆಪಾಡು, ನಮ್ಮದು ರಜೆ. ಬೇಸರ ಬಂದದ್ದು ಇದಕ್ಕಲ್ಲ, ವಸಂತದಲ್ಲಿ ಔಷಧಿ ಹೊಡೆಯುವಾಗಿನ ವಾಸನೆಗೆ. ಮೇಲಿನ ಮಾಲ್ಸ್ ಊರಿನವರು 2014ರಲ್ಲಿ ಮತ ಹಾಕಿ, ನಾಲ್ವರಲ್ಲಿ ಮೂವರು ಕೀಟನಾಶಕ ಬೇಡ ಅಂದಿದ್ದರು, ಕೋರ್ಟಿನಲ್ಲಿ ಅದು ನಿಲ್ಲಲಿಲ್ಲ. ಏಪ್ರಿಲ್‌ನಲ್ಲಿ ಹೋದರೆ ಮಾತ್ರ ಸಿಗುವ ಇನ್ನೊಂದು ನೋಟವೂ ಇದೆ. ರಾತ್ರಿ ಚಳಿ ಸೊನ್ನೆಗಿಂತ ಕೆಳಗೆ ಹೋದರೆ ತೋಟದ ಸ್ಪ್ರಿಂಕ್ಲರ್ ಎಲ್ಲ ಹಾಕಿಬಿಡುತ್ತಾರೆ. ನೀರು ಹೆಪ್ಪುಗಟ್ಟುವಾಗ ಬಿಡುವ ಶಾಖವೇ ಹೂವನ್ನು ಕಾಪಾಡುತ್ತದೆ. ಬೆಳಗ್ಗೆ ಏಳಕ್ಕೆ ಹೋದರೆ ಪ್ರತಿ ಹೂವೂ ಗಾಜಿನೊಳಗೆ ಕೂತಿರುತ್ತದೆ, ಬಿಸಿಲು ಬಿದ್ದ ಹಾಗೆ ಟಿಕ್ ಟಿಕ್ ಅಂತ ಉದುರುವ ಸದ್ದು. ದಾರಿಯ ಮೇಲೂ ನೀರು ಬಿದ್ದಿರುತ್ತದೆ, ಜಾರುತ್ತದೆ, ನಾನು ಬಿದ್ದಿದ್ದೇನೆ.

ಅಪ್ಪ ಬಂದಿದ್ದ ವರ್ಷದ ಬಗ್ಗೆ ಹೇಳಲೇಬೇಕು. ಮಂಡ್ಯದ ಹಳ್ಳಿಯಲ್ಲಿ ಬೆಳೆದವರು, ಮೂವತ್ತು ವರ್ಷ ಅಟ್ಲಾಸ್ ಸೈಕಲ್ಲಿನಲ್ಲಿ ಆಫೀಸಿಗೆ ಹೋದವರು, 67 ವಯಸ್ಸು. ಬ್ಯಾಟರಿ ಸೈಕಲ್ ಬೇಡವೇ ಬೇಡ ಅಂದರು, ಇಳಿಜಾರಿಗೆ ಯಾಕಮ್ಮ ಕರೆಂಟು ಅಂತ. ಸರಿ ಅನ್ನಿಸಿತು. ಈ ಕಣಿವೆ ಆಲ್ಪ್ಸ್‌ನಲ್ಲೇ ಮಳೆ ಕಡಿಮೆ ಇರುವ ಜಾಗಗಳಲ್ಲಿ ಒಂದು, ಹಾಗಾಗಿ ನೂರಾರು ವರ್ಷಗಳ ಹಿಂದೆಯೇ ಬೆಟ್ಟದ ಹಳ್ಳಗಳಿಂದ ಸಣ್ಣ ಕಾಲುವೆ ತೆಗೆದು ಗದ್ದೆಗೆ ನೀರು ತಂದಿದ್ದಾರೆ. ವಾಲ್ ಅನ್ನುತ್ತಾರೆ ಅದಕ್ಕೆ. ಅಂಥ ಒಂದು ಕಾಲುವೆ ಪಕ್ಕ ನೀರು ಕುಡಿಯಲು ನಿಂತಾಗ ಒಂದು ಪುಟ್ಟ ಮರದ ಚಕ್ರ ತಿರುಗುತ್ತಾ ಟಕ್, ಟಕ್ ಅಂತ ಗಂಟೆ ಹೊಡೆಯುತ್ತಿತ್ತು. ಪಕ್ಕದ ಫಲಕ ಓದಿ ಹೇಳಿದೆ: ನೀರು ಹರಿಯುವವರೆಗೂ ಸದ್ದು ಬರುತ್ತದೆ, ಸದ್ದು ನಿಂತರೆ ಎಲ್ಲೋ ಕಟ್ಟಿಕೊಂಡಿದೆ ಅಂತ ಕಾಲುವೆ ಕಾಯುವವನು ಎದ್ದು ಹೋಗಬೇಕು. ಅಪ್ಪ ಹೆಲ್ಮೆಟ್ ತೆಗೆದು ಕೂತೇಬಿಟ್ಟರು. "ನಮ್ಮ ನೀರುಗಂಟಿಗೆ ಇದು ಇದ್ದಿದ್ದರೆ ರಾತ್ರಿಯೆಲ್ಲ ಲಾಟೀನು ಹಿಡ್ಕೊಂಡು ಅಲೆಯೋದು ತಪ್ತಿತ್ತು ನೋಡಮ್ಮ," ಅಂದರು. ಅರ್ಧ ಗಂಟೆ ಅಲ್ಲಿಂದ ಏಳಲಿಲ್ಲ. ಕೋಟೆ, ಚರ್ಚು ಯಾವುದನ್ನೂ ಅವರು ಅಷ್ಟು ಹೊತ್ತು ನೋಡಲಿಲ್ಲ.

ಈಗ ರೈಲು. ಮೆರಾನೊದಿಂದ ಮಾಲ್ಸ್‌ವರೆಗೆ 60 ಕಿಲೋಮೀಟರ್ ರೈಲು ಮಾರ್ಗವಿದೆ. 1990ರ ಹೊತ್ತಿಗೆ ಮುಚ್ಚಿದ್ದರು, 2005ರಲ್ಲಿ ಮತ್ತೆ ತೆರೆದರು. ಸೈಕಲ್ ದಾರಿಗೆ ಜೀವ ಇರುವುದೇ ಇದರಿಂದ. ಸುಸ್ತಾದರೆ, ಮಳೆ ಬಂದರೆ, ಮಗು ಹಟ ಹಿಡಿದರೆ ಹತ್ತಿರದ ನಿಲ್ದಾಣಕ್ಕೆ ಹೋದರಾಯಿತು. ಕೆಲವು ನಿಲ್ದಾಣಗಳಲ್ಲಿ ಬಾಡಿಗೆ ಸೈಕಲ್ ತಗೊಂಡು ಇನ್ನೊಂದರಲ್ಲಿ ಬಿಡಬಹುದು, ಮೊದಲ ಸಲ ಹೋಗುವವರಿಗೆ ಇದೇ ಒಳ್ಳೆಯದು.

ಆದರೆ ಎಲ್ಲರಿಗೂ ಇದೇ ಉಪಾಯ ಹೊಳೆದಿರುತ್ತದಲ್ವಾ? ಮೂರನೇ ವರ್ಷ, ಆಗಸ್ಟ್ ಶನಿವಾರ, ಸಂಜೆ ಐದು ಗಂಟೆ. ಒಂದು ಸಣ್ಣ ನಿಲ್ದಾಣದಲ್ಲಿ ಮೂರು ಸೈಕಲ್ ಹಿಡಿದು ನಿಂತಿದ್ದೇವೆ. ಮೊದಲ ರೈಲು ಬಂತು, ಬಾಗಿಲಿನ ಗಾಜಿಗೆ ಒಳಗಿನಿಂದ ಸೈಕಲ್ ಚಕ್ರ ಒತ್ತಿಕೊಂಡಿದೆ. ಕಂಡಕ್ಟರ್ ಕೈ ಅಲ್ಲಾಡಿಸಿ ಇಲ್ಲ ಅಂದರು. ಎರಡನೇದರಲ್ಲೂ ಅದೇ. ಮೂರನೇದಕ್ಕೆ ಮಗಳನ್ನೂ ನನ್ನನ್ನೂ ಸೈಕಲ್ ಬಿಟ್ಟು ಹತ್ತಿಸಿ, ಗಂಡ ಕತ್ತಲಲ್ಲಿ ರೂಮಿನವರೆಗೆ ತುಳಿದರು, ಮಾರನೆಯ ದಿನ ಬಂದು ಬೀಗ ಹಾಕಿದ್ದ ನಮ್ಮ ಎರಡನ್ನೂ ತಗೊಂಡು ಹೋದರು. ಅವತ್ತಿನಿಂದ ಲೆಕ್ಕ ತಿರುಗಿಸಿದ್ದೇವೆ: ಬೆಳಗ್ಗೆ ಮೊದಲ ರೈಲಿಗೆ ಮೇಲಕ್ಕೆ, ಆಮೇಲೆ ತುಳಿದುಕೊಂಡು ರೂಮಿಗೇ ಇಳಿಯುವುದು. ಸಂಜೆ ರೈಲನ್ನು ನಂಬಿಕೊಳ್ಳುವುದೇ ಇಲ್ಲ. ಇನ್ನೊಂದು ವಿಷಯ, ಈ ಮಾರ್ಗಕ್ಕೆ ವಿದ್ಯುತ್ ಎಳೆಯುವ ಕೆಲಸ ನಡೆದಿದೆ, ಕೆಲವು ಕಡೆ ರೈಲಿನ ಬದಲು ಬಸ್ ಓಡಿಸಿದ್ದೂ ಇದೆ, ಟೈಮ್‌ಟೇಬಲ್ ನೋಡದೆ ಹೊರಡಬೇಡಿ.

ಬೇರೆ ಕಣಿವೆಗಳ ಬಗ್ಗೆ ಚುಟುಕಾಗಿ. ಟೋಬ್ಲಾಕ್‌ನಿಂದ ಆಸ್ಟ್ರಿಯಾದ ಲೀನ್ಸ್‌ವರೆಗಿನ ದ್ರಾವ ನದಿಯ ದಾರಿ ಮಕ್ಕಳಿಗೆ ಎಲ್ಲಕ್ಕಿಂತ ಸುಲಭ, 45 ಕಿಲೋಮೀಟರ್, ಬರೀ ಇಳಿಜಾರು. ಶುರುವಿನ ಬಯಲು ನೀರು ಇಬ್ಭಾಗವಾಗುವ ಜಾಗ: ಒಂದು ಕಡೆಯ ಹಳ್ಳ ಆಡ್ರಿಯಾಟಿಕ್ ಸಮುದ್ರಕ್ಕೆ, ಇನ್ನೊಂದು ಡ್ಯಾನ್ಯೂಬ್ ಸೇರಿ ಕಪ್ಪು ಸಮುದ್ರಕ್ಕೆ. ಸಕಲೇಶಪುರದ ಕಡೆ ಬಿಸಿಲೆಯಲ್ಲಿ ಕಲ್ಲು ನೆಟ್ಟಿದ್ದಾರಲ್ಲ, ಅದೇ ಥರ. ದಾರಿಯಲ್ಲೇ ಲೋಕರ್ ವೇಫರ್ ಫ್ಯಾಕ್ಟರಿ, ಮಗಳ ಪ್ರಕಾರ ಇಡೀ ಆಲ್ಪ್ಸ್ ಇರುವುದೇ ಅದಕ್ಕೆ. ಆಗಸ್ಟ್‌ನಲ್ಲಿ ಮಾತ್ರ ಹೋಗಬೇಡಿ, ಮದುವೆ ದಿಬ್ಬಣದ ಹಾಗೆ ಜನ.

ಟೋಬ್ಲಾಕ್‌ನಿಂದಲೇ ಇನ್ನೊಂದು ದಿಕ್ಕಿಗೆ, ಕೊರ್ಟಿನಾ ಕಡೆಗೆ, 1964ರಲ್ಲಿ ನಿಂತುಹೋದ ಹಳೇ ಸಣ್ಣ ರೈಲಿನ ಹಾದಿ ಇದೆ. ಜಲ್ಲಿ ದಾರಿ, ಅಗಲ ಟೈರ್ ಬೇಕು, ಸುರಂಗಕ್ಕೆ ಲೈಟ್ ಬೇಕು. ಹತ್ತುವುದು 1,530 ಮೀಟರ್‌ವರೆಗೆ, ಆದರೆ ರೈಲಿಗೆ ಮಾಡಿದ ಏರು, ಮಂಡಿಗೆ ಗೊತ್ತೇ ಆಗಲ್ಲ. ನೋಟಕ್ಕೆ ಬಂದರೆ ಇದಕ್ಕೇ ನನ್ನ ಓಟು.

ಬೊಲ್ಜಾನೊದಿಂದ ಕೆಳಗೆ ಟ್ರೆಂಟೊ ಕಡೆಗೆ ಆದಿಜೆ ನದಿಯ ಏರಿ ಮೇಲಿನ ದಾರಿ? ಚಪ್ಪಟೆ, ನೇರ, ಪಕ್ಕದಲ್ಲೇ ಮೋಟಾರ್‌ವೇ. ಕಾರು ಕಾಣುವುದಿಲ್ಲ, ಕೇಳಿಸುತ್ತದೆ. ಬಿಸಿಲಿನ ದಿನ ಮಧ್ಯಾಹ್ನವಾದರೆ ದಕ್ಷಿಣದಿಂದ ಗಾಳಿ ಎದೆಗೇ ಬೀಸುತ್ತದೆ, ಎಂಟು ಕಿಲೋಮೀಟರ್ ವೇಗದಲ್ಲಿ ತುಳಿದು ಅಳು ಬಂದಿತ್ತು. ಬೆಳಗ್ಗೆ ಬೇಗ ಹೊರಡಿ, ಟ್ರೆಂಟಿನೊ ಭಾಗದಲ್ಲಿ ದಾರಿಗೆ ಅಂಟಿಕೊಂಡೇ ಇರುವ ಬೈಸಿಗ್ರಿಲ್ ಅನ್ನುವ ತಿಂಡಿ ಜಾಗಗಳಲ್ಲಿ ನಿಲ್ಲಿ.

ಬಾಡಿಗೆ ಸೈಕಲ್ ತಗೊಳ್ಳುವವರು ಹೊರಡುವ ಮುಂಚೆ ಎಲ್ಲ ಕಡೆಯಿಂದ ಫೋಟೋ ತೆಗೆದಿಟ್ಟುಕೊಳ್ಳಿ. ಅಪ್ಪನ ಸೈಕಲ್ಲಿನ ಮೇಲೆ ಮೊದಲೇ ಇದ್ದ ಗೀರಿಗೆ ಒಂದು ಅಂಗಡಿಯವರು ನಮ್ಮ ಹತ್ತಿರ 40 ಯೂರೋ ಕಿತ್ತುಕೊಂಡರು, ವಾದ ಮಾಡಲು ನನ್ನ ಜರ್ಮನ್ ಸಾಲಲಿಲ್ಲ, ಅಪ್ಪ ಕನ್ನಡದಲ್ಲೇ ಬೈದರು. ಏಳು ವರ್ಷದಲ್ಲಿ ಪಂಕ್ಚರ್ ಬರೀ ನಾಲ್ಕು. ಸಸ್ಯಾಹಾರಿಗಳು ಹಸಿದಿರಬೇಕಾಗಿಲ್ಲ, ಪಾಲಕ್ ತುಂಬಿದ ಶ್ಲುಟ್ಸ್‌ಕ್ರಾಪ್ಫೆನ್ ಕೇಳಿ, ನಮ್ಮ ಕರ್ಜಿಕಾಯಿ ಆಕಾರ, ಬೆಣ್ಣೆಯಲ್ಲಿ ಮುಳುಗಿಸಿ ಕೊಡುತ್ತಾರೆ. ಮೇಲೆ ಹಂದಿ ಮಾಂಸದ ಚೂರು ಹಾಕಬೇಡಿ ಅಂತ ಮೊದಲೇ ಹೇಳಿ. ನಾನು ಬ್ಯಾಗಿನಲ್ಲಿ ಚಟ್ನಿಪುಡಿ ಇಟ್ಟುಕೊಂಡೇ ಹೋಗುತ್ತೇನೆ, ಅದರ ಮೇಲೆ ಉದುರಿಸಿದರೆ ಬೇರೆಯದೇ ಲೆವೆಲ್.