ನಾಲ್ಕೂವರೆ ವರ್ಷ, 41 ಸಾವಿರ ಕಿಲೋಮೀಟರ್: ಸ್ವಿಫ್ಟ್‌ಗೆ ಹಾಕಿಸಿದ ಲೋವರಿಂಗ್ ಸ್ಪ್ರಿಂಗ್ ಮತ್ತು ಮೈಸೂರಿನ ಉಬ್ಬುಗಳು

ಮೊದಲೇ ಹೇಳಿಬಿಡುತ್ತೇನೆ, ನನ್ನ ಕಾರು ಈಗ ತಗ್ಗಿಲ್ಲ. ಗಾಡಿಯನ್ನು ನೆಲಕ್ಕೆ ಹತ್ತಿರ ಇಳಿಸುವ ಆ ಸ್ಪ್ರಿಂಗ್ ತೆಗೆಸಿ, 2025ರ ಮೇ ತಿಂಗಳಲ್ಲಿ ಹಳೇ ಸ್ಪ್ರಿಂಗನ್ನೇ ಮತ್ತೆ ಹಾಕಿಸಿದೆ. ಪಂಚೆ ಮೊಣಕಾಲಿಗೆ ಎತ್ತಿ ಕಟ್ಟಿ ಗದ್ದೆಗೆ ಹೊರಟವನ ಹಾಗೆ ಮನೆ ಮುಂದೆ ನಿಂತಿರುತ್ತದೆ. ನೋಡಿದಾಗೆಲ್ಲ ಹೊಟ್ಟೆ ಉರಿಯುತ್ತದೆ. ಆದರೂ ತೆಗೆಸಿದೆ. ಯಾಕೆ ಅಂತ ಕೊನೆಯಲ್ಲಿ ಹೇಳುತ್ತೇನೆ.

ಗಾಡಿ 2010ರ ಸ್ವಿಫ್ಟ್ ಡೀಸೆಲ್. 1.3 ಲೀಟರ್, 75 ಪಿಎಸ್. 2018ರಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡೆ. ಎರಡು ವರ್ಷ ಸುಮ್ನೆ ಓಡಿಸಿದೆ. ಆಮೇಲೆ ಒಂದು ಭಾನುವಾರ ಬೆಳಿಗ್ಗೆ ರಿಂಗ್ ರೋಡಿನಲ್ಲಿ ಏಳೆಂಟು ಕಾರು ಸಾಲಾಗಿ ನಿಂತಿದ್ದನ್ನು ನೋಡಿದೆ. ಎಲ್ಲವೂ ನೆಲಕ್ಕೆ ಹತ್ತಿರ. ಟೈರಿಗೂ ಮಡ್‌ಗಾರ್ಡಿಗೂ ನಡುವೆ ಎರಡು ಬೆರಳು ತೂರಿದರೆ ಹೆಚ್ಚು. ನನ್ನ ಗಾಡಿಯಲ್ಲಿ ಒಂದು ಇಡೀ ಅಂಗೈ ಹೋಗುತ್ತಿತ್ತು. ಆ ಸಂದು ಒಮ್ಮೆ ಕಣ್ಣಿಗೆ ಬಿತ್ತು ಅಂದ್ರೆ ಮುಗಿಯಿತು, ಆಮೇಲೆ ಬೇರೇನೂ ಕಾಣುವುದಿಲ್ಲ.

2020ರ ನವೆಂಬರ್‌ನಲ್ಲಿ ಹಾಕಿಸಿದ್ದು 35 ಮಿಲಿಮೀಟರ್ ಇಳಿಸುವ ಸ್ಪ್ರಿಂಗ್ ಸೆಟ್. ಕೂಲಿ ಸೇರಿ 17 ಸಾವಿರ. ಕಂಪನಿ ಹೆಸರು ಬರೆಯುತ್ತಿಲ್ಲ. ಕೆಳಗೆ ಹೇಳುವ ತೊಂದರೆಗಳೆಲ್ಲ 35 ಮಿಲಿಮೀಟರಿನವು, ಯಾವ ಬ್ರ್ಯಾಂಡ್ ಹಾಕಿದರೂ ಅಷ್ಟೇ. ಸ್ಪ್ರಿಂಗಿನಲ್ಲಿ ಒಂದು ದೋಷವನ್ನೂ ನಾನು ಕಾಣಲಿಲ್ಲ. ಬಣ್ಣ ಕೂಡ ಹೋಗಿಲ್ಲ.

ಇದಕ್ಕೂ ಮೊದಲು ಒಬ್ಬ ಮೆಕ್ಯಾನಿಕ್ "ಇರೋ ಸ್ಪ್ರಿಂಗನ್ನೇ ಒಂದು ಸುತ್ತು ಕತ್ತರಿಸಿ ಕೊಡ್ತೀನಿ, 800 ರೂಪಾಯಿ" ಅಂದಿದ್ದ. ದಯವಿಟ್ಟು ಹಾಗೆ ಮಾಡಿಸಬೇಡಿ. ಕತ್ತರಿಸಿದ ಸ್ಪ್ರಿಂಗಿನ ತುದಿ ಅದರ ಬಟ್ಟಲಿನಲ್ಲಿ ಸರಿಯಾಗಿ ಕೂರುವುದಿಲ್ಲ. ಗಾಡಿ ಹಳ್ಳದಲ್ಲಿ ಇಳಿದು ಚಕ್ರ ಪೂರ್ತಿ ಕೆಳಗೆ ಜೋತಾಗ ಸ್ಪ್ರಿಂಗ್ ಸಡಿಲಾಗಿ ಜಾಗ ಬಿಟ್ಟು ಸರಿಯಬಹುದು. ತಯಾರಾಗಿ ಬರುವ ಸೆಟ್ಟು ಉದ್ದ ಕಮ್ಮಿ, ಜೊತೆಗೆ ಗಟ್ಟಿ. ದುಡ್ಡು ಕೊಡುವುದು ಆ ಗಟ್ಟಿತನಕ್ಕೆ.

ಮೊದಲ ತಿಂಗಳು ಸ್ವರ್ಗ. ಚಾಮುಂಡಿ ಬೆಟ್ಟದ ತಿರುವುಗಳಲ್ಲಿ ಗಾಡಿ ಮೊದಲಿನ ಹಾಗೆ ವಾಲುತ್ತಿರಲಿಲ್ಲ. ಹಿಡಿದ ಕಡೆ ಹೋಗುತ್ತಿತ್ತು. ಇದು ಮನಸ್ಸಿನ ಭ್ರಮೆ ಇರಬಹುದು ಅಂತ ಪಕ್ಕದ ಮನೆಯವರನ್ನು ಕೂರಿಸಿಕೊಂಡು ಹೋದೆ. ಅವರಿಗೆ ಕಾರಿನ ಗಂಧಗಾಳಿ ಇಲ್ಲ. "ಏನೋ ನೆಲಕ್ಕೆ ಅಂಟಿಕೊಂಡ ಹಾಗಿದೆಯಲ್ಲ" ಅಂದರು. ಸಾಕು, ಅಷ್ಟು ಸರ್ಟಿಫಿಕೇಟ್ ಸಾಕಾಯಿತು.

ಎರಡನೇ ತಿಂಗಳಿಂದ ಉಬ್ಬುಗಳು ಶುರುವಾದವು. ಅಂದರೆ ಮೊದಲೂ ಇದ್ದವು, ನನಗೆ ಗೊತ್ತಿರಲಿಲ್ಲ. ರಸ್ತೆಗಳಿಗೆ ಮಾನದಂಡ ಬರೆಯುವ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಲೆಕ್ಕದಲ್ಲಿ ಉಬ್ಬು ಅಂದರೆ 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ. ಮೆಲ್ಲಗೆ ಏರಿ ಮೆಲ್ಲಗೆ ಇಳಿಯುವಂಥದ್ದು. ನಮ್ಮ ಬಡಾವಣೆಯ ಉಬ್ಬು ಯಾರೋ ರಾತ್ರಿ ಒಂದು ಬಾಂಡ್ಲಿ ಕಾಂಕ್ರೀಟ್ ಸುರಿದು ಮಲಗಿಕೊಂಡ ಹಾಗಿದೆ. ಸ್ವಿಫ್ಟ್‌ನ ಗ್ರೌಂಡ್ ಕ್ಲಿಯರೆನ್ಸ್ 170 ಮಿಲಿಮೀಟರ್. ಅದರಲ್ಲಿ 35 ಕಳೆಯಿರಿ. ಹಿಂದೆ ಅಪ್ಪ, ಅಮ್ಮ, ಡಿಕ್ಕಿಯಲ್ಲಿ ಅಕ್ಕಿ ಮೂಟೆ. ಇನ್ನೊಂದಿಷ್ಟು ಕಳೆಯಿರಿ. ಉಳಿದಿದ್ದು ಆ ಉಬ್ಬಿಗೆ ಸಾಲುವುದಿಲ್ಲ. ಅಡ್ಡಡ್ಡ ಏರಿಸಬೇಕು, ಒಂದೊಂದೇ ಚಕ್ರ. ಹಿಂದಿನಿಂದ ಆಟೋದವನ ಹಾರ್ನ್. ಒಂದು ಹಂತದಲ್ಲಿ ನನಗೆ ಮನೆಯಿಂದ ಆಫೀಸಿಗೆ 23 ಉಬ್ಬು ಅಂತ ಬಾಯಿಪಾಠವಾಗಿತ್ತು. ಎಂಟು ಉಬ್ಬು ತಪ್ಪುತ್ತದೆ ಅಂತ ಎರಡು ಕಿಲೋಮೀಟರ್ ಸುತ್ತಿ ಹೋಗುತ್ತಿದ್ದೆ. ಹೆಂಡತಿ ಇದನ್ನು ಯಾರಿಗೂ ಹೇಳಬೇಡಿ ಅಂದಿದ್ದಳು.

ಮಂಡ್ಯ ಕಡೆ ಹೋದರೆ ಬೇರೆಯದೇ ಕಥೆ. ನಮ್ಮ ನೆಂಟರ ಊರು ಪಾಂಡವಪುರದ ಹತ್ತಿರ. ಕಬ್ಬು ಕಡಿಯುವ ಕಾಲದಲ್ಲಿ ಲೋಡಾದ ಟ್ರ್ಯಾಕ್ಟರ್ ಓಡಾಡಿ ರಸ್ತೆಯ ಎರಡು ಕಡೆ ಜಾಡು ಬಿದ್ದಿರುತ್ತದೆ, ನಡುವೆ ದಿಣ್ಣೆ. ಆ ದಿಣ್ಣೆಗೆ ಎಂಜಿನ್ನಿನ ತಳ ಗೀರಿಕೊಂಡೇ ಹೋಗಬೇಕು. ಇನ್ನೂ ಕೆಟ್ಟದ್ದು ರಸ್ತೆ ಮೇಲಿನ ಒಕ್ಕಣೆ. ಹುರುಳಿ ಗಿಡವನ್ನು ದಾರಿಗೆ ಹರಡಿರುತ್ತಾರೆ, ಗಾಡಿಗಳು ಹತ್ತಿ ಹೋಗಲಿ ಅಂತ. ಮಾಮೂಲಿ ಕಾರಿಗೇ ಅದು ಅಪಾಯ. ಒಣಗಿದ ಬಳ್ಳಿ ಅಡಿಯಲ್ಲಿ ಸುತ್ತಿಕೊಂಡು, ಕಾದ ಸೈಲೆನ್ಸರ್ ಪೈಪಿಗೆ ತಾಗಿ, ಕಾರುಗಳು ಸುಟ್ಟಿದ್ದುಂಟು. ತಗ್ಗಿಸಿದ ಕಾರು ಬಾಚಣಿಗೆ ಇದ್ದ ಹಾಗೆ, ಇಡೀ ಕಣವನ್ನೇ ಎಳೆದುಕೊಂಡು ಹೋಗುತ್ತದೆ. 2022ರ ಜನವರಿಯಲ್ಲಿ ನನಗೆ ಸುಟ್ಟ ವಾಸನೆ ಬಂದು ನಿಲ್ಲಿಸಿದೆ. ರಸ್ತೆಯಲ್ಲೇ ಮಲಗಿ ಅರ್ಧ ಗಂಟೆ ಸೊಪ್ಪು ಕಿತ್ತೆ. ಒಬ್ಬ ಅಜ್ಜ ನಿಂತು ನೋಡಿ, "ಸ್ಪ್ರಿಂಗು ಕುಸ್ದೋಗೈತೆ ಕಣಪ್ಪ, ರಿಪೇರಿ ಮಾಡ್ಸು" ಅಂದ. 17 ಸಾವಿರ ಕೊಟ್ಟು ಕುಸಿಸಿದ್ದು ಅಂತ ಹೇಳುವ ಧೈರ್ಯ ಬರಲಿಲ್ಲ.

18 ಸಾವಿರ ಕಿಲೋಮೀಟರಿಗೆ ಮುಂದಿನ ಎರಡು ಶಾಕ್ ಅಬ್ಸಾರ್ಬರ್ ಎಣ್ಣೆ ಬಿಟ್ಟವು. ಇದನ್ನು ಅಂಗಡಿಯವರು ಯಾರೂ ಮೊದಲೇ ಹೇಳುವುದಿಲ್ಲ. ಸ್ಪ್ರಿಂಗ್ ಗಿಡ್ಡವಾದರೂ ಶಾಕ್ ಹಳೆಯದೇ ಅಲ್ವಾ? ಅದು ಯಾವಾಗಲೂ ಅರ್ಧ ಮಡಚಿಕೊಂಡೇ ಕೆಲಸ ಮಾಡಬೇಕು. ಸ್ವಲ್ಪ ಜೋರಾಗಿ ಹಳ್ಳ ಸಿಕ್ಕಿದರೆ ರಬ್ಬರ್ ಸ್ಟಾಪರಿಗೆ ಹೋಗಿ ಗುದ್ದುತ್ತದೆ. ಡೀಸೆಲ್ ಎಂಜಿನ್ ಭಾರ ಬೇರೆ, ಮುಂದಿನವು ಮೊದಲು ಸಾಯುತ್ತವೆ. ನಾಲ್ಕೂ ಬದಲಾಯಿಸಲು 12 ಸಾವಿರ ಆಯಿತು. ಆದ್ದರಿಂದ ಬೆಲೆ ಕೇಳುವಾಗ 17 ಅಂತ ಲೆಕ್ಕ ಹಾಕಬೇಡಿ, 29 ಅಂತ ಹಾಕಿ. ಟೈರೂ ಒಂದು ಸಲ ಹೋಯಿತು. ತಗ್ಗಿಸಿದ ಮೇಲೆ ಮುಂದಿನ ಚಕ್ರದ ನೆತ್ತಿ ಒಳಕ್ಕೆ ವಾಲುತ್ತದೆ, ಟೋ, ಅಂದರೆ ಚಕ್ರ ನೇರ ಮುಂದಕ್ಕೆ ನೋಡುವ ಕೋನ, ಅದೂ ತಪ್ಪುತ್ತದೆ. ಅವತ್ತೇ ಅಲೈನ್‌ಮೆಂಟ್ ಮಾಡಿಸದೆ ಎರಡು ತಿಂಗಳು ಸೋಮಾರಿತನ ಮಾಡಿದೆ. ಹೊರಗಿಂದ ಟೈರ್ ಹೊಸದರ ಹಾಗೆ, ಒಳಗಿನ ಅಂಚು ಬೋಳು.

ಈ ಎಲ್ಲ ಕಾಟಕ್ಕೆ ಪ್ರತಿಫಲ ಅಂದರೆ ಶೋ. ವರ್ಷಕ್ಕೆ ಒಂದೆರಡು ಸಲ ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಮಾಡಿಫೈಡ್ ಕಾರುಗಳ ಮೇಳ ನಡೆಯುತ್ತದೆ. ನಾನು ಮೂರಕ್ಕೆ ಹೋಗಿದ್ದೇನೆ. ಮೈಸೂರಿಗೆ ಗಾಡಿ ಹುಚ್ಚು ಹೊಸದಲ್ಲ ಬಿಡಿ. ಲಲಿತ್ ಮಹಲ್ ಹತ್ತಿರದ ಹೆಲಿಪ್ಯಾಡ್ ಮೈದಾನದಲ್ಲಿ ಗ್ರಾವೆಲ್ ಫೆಸ್ಟ್, ಮಣ್ಣಿನ ಹಾದಿಯ ಕಾರ್ ರೇಸ್, ಅಂದರೆ ಅರ್ಧ ಊರು ಧೂಳು ಕುಡಿಯಲು ಹೋಗುತ್ತದೆ. ಯಾದವಗಿರಿಯ ಐಡಿಯಲ್ ಜಾವಾ ಬೈಕ್ ಕಾರ್ಖಾನೆ 1996ರಲ್ಲೇ ಮುಚ್ಚಿತು. ಆದರೆ ಜುಲೈ ಎರಡನೇ ಭಾನುವಾರ ಜಾವಾ ದಿನ ಅಂತ ಅಲ್ಲಿ ತಯಾರಾದ ಯೆಜ್ಡಿಗಳು ಇವತ್ತಿಗೂ ಸಾಲುಗಟ್ಟಿ ಬರುತ್ತವೆ. ನಮ್ಮಪ್ಪನೂ ಒಂದು ಕಾಲದಲ್ಲಿ ಯೆಜ್ಡಿ ಓಡಿಸಿದವರೇ. ನನ್ನ ಕಾರು ನೋಡಿ ಅವರು ಹೇಳಿದ್ದು ಒಂದೇ ಮಾತು: "ನಾವು ಗಾಡಿ ಹಾಳಾಗದ ಹಾಗೆ ನೋಡ್ಕೊತಿದ್ವಿ."

ಶೋಗಳಲ್ಲೂ ಇದೇ ಎರಡು ಪಂಗಡ. ಹಳೇ ಗಾಡಿಯವರು ಒಂದು ಬೋಲ್ಟ್ ಕೂಡ ಒರಿಜಿನಲ್ ಆಗಿರಬೇಕು ಅನ್ನುತ್ತಾರೆ. ನಮ್ಮವರು ಒಂದು ಬೋಲ್ಟ್ ಕೂಡ ಒರಿಜಿನಲ್ ಉಳಿಯಬಾರದು ಅನ್ನುತ್ತಾರೆ. ಒಂದೇ ಮೈದಾನ, ಒಂದೇ ಟೀ ಅಂಗಡಿ. ಮಾತುಕತೆ ಮಾತ್ರ ಕಮ್ಮಿ.

ಮೊದಲ ಶೋಗೆ 800 ರೂಪಾಯಿ ಎಂಟ್ರಿ ಕೊಟ್ಟೆ. ಹಿಂದಿನ ರಾತ್ರಿ ಎರಡು ಗಂಟೆವರೆಗೆ ಗಾಡಿ ತೊಳೆದು ಪಾಲಿಶ್ ಹಾಕಿದ್ದೆ. ತೀರ್ಪುಗಾರರು ಬಂದರು, ಬಣ್ಣ ನೋಡಲೇ ಇಲ್ಲ. ಬಾನೆಟ್ ಎತ್ತಿಸಿ ಟಾರ್ಚ್ ಬಿಟ್ಟರು. ನೇರವಾಗಿ ನನ್ನ ಫಾಗ್ ಲ್ಯಾಂಪ್ ವೈರಿಗೆ ಕೈ ಹಾಕಿದರು. ಸ್ವಿಚ್ಚಿನ ಬದಲು ಜೋರು ಕರೆಂಟನ್ನು ತಾನು ಹೊರುವ ರಿಲೇ ಇರಲಿಲ್ಲ, ಸೀದಾ ಸ್ವಿಚ್ಚಿಗೆ ಎಳೆಸಿದ್ದೆ. 55 ವ್ಯಾಟಿನ ಎರಡು ಬಲ್ಬು ಅಂದರೆ 9 ಆಂಪಿಯರ್ ಹತ್ತಿರ ಕರೆಂಟು ಆ ಪುಟ್ಟ ಸ್ವಿಚ್ಚಿನ ಮೂಲಕವೇ ಓಡಬೇಕು. "ಇದು ಶೋ ಕಾರಲ್ಲಪ್ಪಾ, ಒಲೆ" ಅಂದರು ಒಬ್ಬರು. ಎಲ್ಲರೂ ನಕ್ಕರು. ನನಗೆ ಅವಮಾನವಾಯಿತು, ಆದರೆ ಮಾರನೇ ದಿನವೇ ರಿಲೇ ಹಾಕಿಸಿದೆ. ಆ 800 ರೂಪಾಯಿಯಷ್ಟು ಲಾಭ ಕೊಟ್ಟ ದುಡ್ಡು ನನ್ನ ಬಿಲ್ಲುಗಳಲ್ಲಿ ಬೇರೆ ಇಲ್ಲ.

ಅವತ್ತು ಜನ ಮುಗಿಬಿದ್ದಿದ್ದು ಒಂದು ಮಾರುತಿ 800ಗೆ. 12 ಇಂಚಿನ ಚಕ್ರವನ್ನೇ ಉಳಿಸಿಕೊಂಡು ತಗ್ಗಿಸಿದ್ದ. ಟಿಂಕರಿಂಗ್ ಪೂರ್ತಿ ಅವನದ್ದೇ, ಮಂಡ್ಯದ ಕಾಲೇಜು ಹುಡುಗ. ಲಕ್ಷಗಟ್ಟಲೆ ಸುರಿದ ಕಾರುಗಳ ಮಾಲೀಕರು ಬಂದು ಅವನ ಬಾಗಿಲಿನ ಸಂದನ್ನು ಬೆರಳಲ್ಲಿ ಸವರಿ ನೋಡಿ ಸುಮ್ಮನಾದರು. ಮಂಡ್ಯದವರಿಗೆ ಇದು ರಕ್ತದಲ್ಲೇ ಇದೆ ಅಂತ ನನಗೆ ಅನ್ನಿಸುತ್ತದೆ. ಜೋಡೆತ್ತಿನ ಕೊಂಬಿಗೆ ಬಣ್ಣ ಹಚ್ಚಿ, ಗಾಡಿಗೆ ಗೆಜ್ಜೆ ಕಟ್ಟಿ ಜಾತ್ರೆಗೆ ಹೊರಡುವವರು ಅಲ್ವಾ. ರಾಜ್ಯೋತ್ಸವಕ್ಕೆ ಆಟೋ ಸಿಂಗರಿಸುವವರನ್ನು ನೋಡಿ, ಅದೂ ಕಸ್ಟಮ್ ಶೋನೇ. ಎಂಟ್ರಿ ಫೀ ಇಲ್ಲ ಅಷ್ಟೆ.

ನನಗೆ ಹಿಡಿಸದ್ದು ಸೈಲೆನ್ಸರ್ ಸ್ಪರ್ಧೆ. ಯಾರ ಗಾಡಿ ಜೋರಾಗಿ ಗರ್ಜಿಸುತ್ತದೆ ಅಂತ ನೋಡುವುದು. ಹತ್ತಿರದ ಮನೆಗಳಲ್ಲಿ ಮಕ್ಕಳು ಮಲಗಿರುತ್ತವೆ, ವಯಸ್ಸಾದವರು ಇರುತ್ತಾರೆ. ರಾಜ್ಯದ ಹಲವು ಊರುಗಳಲ್ಲಿ ಪೊಲೀಸರು ಇಂಥ ಸೈಲೆನ್ಸರ್ ಕಿತ್ತು ರೋಡ್ ರೋಲರ್ ಹತ್ತಿಸಿದ್ದಾರೆ. ನನಗೇನೂ ಬೇಜಾರಿಲ್ಲ.

15 ಇಂಚಿನ ಅಲಾಯ್ ಚಕ್ರದ ಬಗ್ಗೆ ಎರಡು ಮಾತು. ಮೂಲ ಟೈರ್ 165/80 ಆರ್14. ನಾನು ಹಾಕಿದ್ದು 185/65 ಆರ್15. ಸುತ್ತಳತೆ ಹೆಚ್ಚೂ ಕಮ್ಮಿ ಅಷ್ಟೇ ಇರುವುದರಿಂದ ಸ್ಪೀಡೋಮೀಟರ್ ಸುಳ್ಳು ಹೇಳುವುದಿಲ್ಲ. ಊರೊಳಗೆ ಎರಡು ವರ್ಷ ಏನೂ ತೊಂದರೆಯಿಲ್ಲ. 2023ರಲ್ಲಿ ಬೆಂಗಳೂರು ಹೈವೇ ಪೂರ್ತಿ ತೆರೆದ ಮೇಲೆ 90 ದಾಟಿದರೆ ಸ್ಟೀರಿಂಗ್ ನಡುಗಲು ಶುರು. ಮೂರು ಸಲ ಬ್ಯಾಲೆನ್ಸಿಂಗ್ ಮಾಡಿಸಿದೆ. ಒಂದು ದೊಡ್ಡ ಅಂಗಡಿಯಲ್ಲಿ ಆಕ್ಸಲ್ ಬದಲಾಯಿಸಿ ಅಂದರು. ಕೊನೆಗೆ ಭಾನುವಾರದ ಗುಂಪಿನಲ್ಲಿ ಒಬ್ಬರು ಚಕ್ರ ಬಿಚ್ಚಿ ನೋಡಿ ನಕ್ಕರು. ಸ್ವಿಫ್ಟ್‌ನ ಹಬ್, ಅಂದರೆ ಚಕ್ರ ಕೂರುವ ನಡುವಿನ ಗುಂಡು ಭಾಗ, 54.1 ಮಿಲಿಮೀಟರ್. ನನ್ನ ಅಲಾಯ್‌ನ ನಡುವಿನ ತೂತು 67.1. ಆ ಸಂದು ತುಂಬಲು ಒಂದು ಉಂಗುರ ಬೇಕು, ಅಂಗಡಿಯವನು ಹಾಕೇ ಇರಲಿಲ್ಲ. ಚಕ್ರ ಕೂದಲೆಳೆಯಷ್ಟು ಪಕ್ಕಕ್ಕೆ ಕೂತಿತ್ತು. ಲೇತ್ ಅಂಗಡಿಯಲ್ಲಿ ನಾಲ್ಕು ಉಂಗುರ ಕಡೆಸಿದೆ, 1,200 ರೂಪಾಯಿ. ನಡುಕ ಮಾಯ. ಆ ಗುಂಪಿಗೆ ಹೆಸರಿಲ್ಲ, ಸದಸ್ಯತ್ವ ಇಲ್ಲ. ಟೀ ಕುಡಿದು ಶ್ರೀರಂಗಪಟ್ಟಣದವರೆಗೆ ಹೋಗಿ ಬರುತ್ತಾರೆ. ನಾನು ದುಡ್ಡು ಕೊಟ್ಟ ಯಾವ ಅಂಗಡಿಯೂ ಅಷ್ಟು ಹೇಳಿಕೊಟ್ಟಿಲ್ಲ.

ಈಗ ಯಾಕೆ ತೆಗೆಸಿದೆ ಅನ್ನುವುದು. ಗಾಡಿಗೆ 15 ವರ್ಷ ತುಂಬಿತು. ಆರ್‌ಸಿ ನವೀಕರಿಸಬೇಕು, ಗಾಡಿ ತಗೊಂಡು ಹೋಗಿ ತಪಾಸಣೆಗೆ ನಿಲ್ಲಿಸಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಅಂತಲೂ ಸೇರಿಸಿದರು. ಬಣ್ಣ ಬದಲಾಯಿಸಿ ಆರ್‌ಸಿಯಲ್ಲಿ ನಮೂದಿಸಿಕೊಳ್ಳುವ ದಾರಿ ಇದೆ. ಸ್ಪ್ರಿಂಗಿಗೆ ಅಂಥ ದಾರಿ ನನಗೆ ಸಿಗಲಿಲ್ಲ. ಅಳತೆ ಪಟ್ಟಿ ಹಿಡಿದವರ ಮುಂದೆ ನಿಂತು ವಾದ ಮಾಡುವ ವಯಸ್ಸೂ ನನ್ನದಲ್ಲ.

ಹಳೇ ಸ್ಪ್ರಿಂಗ್ ಅಟ್ಟದ ಮೇಲಿತ್ತು. ಅದನ್ನು ಇಳಿಸಿ, ಇದನ್ನು ಹತ್ತಿಸಿದೆ. ಮೂಲ ಚಕ್ರವನ್ನೂ ಹಾಕಿದೆ. ಆರ್‌ಸಿ ಐದು ವರ್ಷಕ್ಕೆ ಸಿಕ್ಕಿತು. ಅಮ್ಮ ಹತ್ತಿ ಕೂತು, "ಈಗ ಮಂಡಿ ನೋಯಲ್ಲ, ಮೊದಲೇ ಹೀಗೆ ಮಾಡಿಸಬಾರದಿತ್ತಾ" ಅಂದರು. ನಾಲ್ಕೂವರೆ ವರ್ಷ ಒಂದು ದಿನವೂ ಬಾಯಿಬಿಟ್ಟು ಹೇಳಿರಲಿಲ್ಲ.

ಐದಕ್ಕೆ ಎಷ್ಟು ಅಂಕ ಅಂತ ಕೇಳಿದರೆ: ಸ್ಪ್ರಿಂಗಿಗೆ ನಾಲ್ಕು, ಮೈಸೂರಿನಲ್ಲಿ ಓಡಿಸುವುದಕ್ಕೆ ಎರಡು. ಮುಕ್ಕಾಲು ಖುಷಿ ಒಳ್ಳೆ ಚಕ್ರ, ಒಳ್ಳೆ ಟೈರಿನಿಂದಲೇ ಬರುತ್ತದೆ. ಹಾಕಲೇಬೇಕು ಅಂದರೆ ಶಾಕ್ ಜೊತೆಗೇ ಹಾಕಿಸಿ.

ಮೊನ್ನೆ ಆ ಮಾರುತಿ 800 ಹುಡುಗ ಫೋನ್ ಮಾಡಿದ್ದ. ಅವನ ಅಣ್ಣ ಇದೇ ಮಾಡೆಲ್ ಸ್ವಿಫ್ಟ್ ತಗೊಂಡಿದ್ದಾನಂತೆ. "ಅಣ್ಣೋ, ಸ್ಪ್ರಿಂಗ್ ಸೆಟ್ ಕೊಡ್ತೀರಾ?" ಅಂದ. ಐದು ಸಾವಿರ ಹೇಳಿದೆ. ಅದಕ್ಕೂ ಮೊದಲು ನಿಮ್ಮ ಬೀದಿಯ ಉಬ್ಬನ್ನು ಅಳೆದು ಹೇಳು ಅಂದೆ. ಸಂಜೆ ಫೋಟೋ ಕಳಿಸಿದ. ಉಬ್ಬಿನ ಪಕ್ಕ ಸ್ಕೇಲ್ ನಿಲ್ಲಿಸಿದ್ದಾನೆ, 14 ಸೆಂಟಿಮೀಟರ್. ಕೆಳಗೆ ಬರೆದಿದ್ದ: "ಶನಿವಾರ ಬಂದು ತಗೊಂಡು ಹೋಗ್ತೀನಿ."