ಇನ್ಸರ್ಟ್ ಕೀ ಇಲ್ಲದ ಲ್ಯಾಪ್‌ಟಾಪ್‌ನಲ್ಲಿ ಎನ್‌ವಿಡಿಎ

ಇನ್ಸರ್ಟ್ ಕೀ ಇಲ್ಲ, ನಂಬರ್ ಪ್ಯಾಡ್ ಇಲ್ಲ ಅಂತ ಒಳ್ಳೆಯ ಲ್ಯಾಪ್‌ಟಾಪ್ ಬಿಟ್ಟು ಬರಬೇಡಿ. ನಾನು ಮುಂಬೈಯಲ್ಲಿ ಕನ್ನಡ ಮಾಧ್ಯಮದ ಶಾಲೆಯೊಂದರ ಟೀಚರ್. ಕಣ್ಣು ಕಾಣುವುದಿಲ್ಲ, ಪರದೆಯಲ್ಲಿರುವುದನ್ನು ದನಿಯಲ್ಲಿ ಹೇಳುವ ಎನ್‌ವಿಡಿಎ ಓದಿದ್ದನ್ನು ಕೇಳಿಕೊಂಡೇ ಪ್ರಶ್ನೆಪತ್ರಿಕೆ ಮಾಡುತ್ತೇನೆ. ಡೊಂಬಿವಲಿಯಿಂದ ಲೋಕಲ್‌ನಲ್ಲಿ ಹೊತ್ತು ತರಲು ಹಗುರವಾದದ್ದು ಬೇಕಿತ್ತು. ಲ್ಯಾಮಿಂಗ್ಟನ್ ರೋಡಿನ ಅಂಗಡಿಯಲ್ಲಿ ಸಿಕ್ಕ ಚಿಕ್ಕ ಲ್ಯಾಪ್‌ಟಾಪ್‌ನಲ್ಲಿ ಎನ್‌ವಿಡಿಎಗೆ ಆಜ್ಞೆ ಕೊಡಲು ಸಾಮಾನ್ಯವಾಗಿ ಬಳಸುವ ಈ ಕೀಗಳು ಇರಲಿಲ್ಲ.

ಎನ್‌ವಿಡಿಎ ಪುಕ್ಕಟೆ ಸಾಫ್ಟ್‌ವೇರ್. 2006ರಲ್ಲಿ ಆಸ್ಟ್ರೇಲಿಯಾದ ಮೈಕೆಲ್ ಕರನ್ ಶುರು ಮಾಡಿದ್ದು. ಮೊದಲ ಸಲ ತೆರೆದಾಗ ಬರುವ ಸ್ವಾಗತದ ಕಿಟಕಿಯಲ್ಲೇ ಕೀಬೋರ್ಡ್ ಲೇಔಟ್ ಕೇಳುತ್ತದೆ. ಅಲ್ಲಿ 'ಲ್ಯಾಪ್‌ಟಾಪ್' ಆರಿಸಿ, ಕ್ಯಾಪ್ಸ್ ಲಾಕ್ ಬಳಸುವ ಪೆಟ್ಟಿಗೆಗೆ ಗುರುತು ಹಾಕಿ. ಇನ್ಸರ್ಟ್ ಕೀ ಮಾಡುವ ಕೆಲಸವನ್ನೆಲ್ಲ ಕ್ಯಾಪ್ಸ್ ಲಾಕ್ ಮಾಡುತ್ತದೆ. ನಿಜವಾದ ಕ್ಯಾಪ್ಸ್ ಬೇಕಾದಾಗ ಬೇಗನೆ ಎರಡು ಸಲ ಒತ್ತಿದರಾಯಿತು.

ನನಗಂತೂ ಈ ಲೇಔಟ್ ಹಳೆಯದಕ್ಕಿಂತ ಇಷ್ಟ. ಕ್ಯಾಪ್ಸ್ ಜೊತೆ ಎಲ್ ಒತ್ತಿದರೆ ಈಗಿನ ಸಾಲು, ಎ ಒತ್ತಿದರೆ ಅಲ್ಲಿಂದ ಮುಂದಕ್ಕೆ ಪೂರ್ತಿ ಓದು. ಚುಕ್ಕಿ ಒತ್ತಿದರೆ ಒಂದೇ ಅಕ್ಷರ. ಒತ್ತಕ್ಷರ ತಪ್ಪಿದೆಯಾ ಅಂತ ನೋಡಲು ನನಗೆ ಇದು ದಿನಾ ಬೇಕು. ಎಡಗೈ ಕ್ಯಾಪ್ಸ್ ಮೇಲೆ, ಬಲಗೈ ಬಾಣಗಳ ಮೇಲೆ. ಕೈ ಎತ್ತಿ ಬಲತುದಿಗೆ ಓಡಿಸುವ ತಾಪತ್ರಯ ಇಲ್ಲ.

ಕಷ್ಟ ಇರುವುದು ಬೇರೆ ಕಡೆ. ಇದರಲ್ಲಿ ಹೋಮ್, ಎಂಡ್ ಕೀಗಳೂ ಇಲ್ಲ, ಎಫ್ಎನ್ ಹಿಡಿದು ಬಾಣ ಒತ್ತಬೇಕು. ಸ್ಟೇಟಸ್ ಬಾರ್ (ಕಿಟಕಿಯ ಕೆಳತುದಿಯ ಮಾಹಿತಿ ಸಾಲು) ಓದಿಸುವ ಆಜ್ಞೆ ಲ್ಯಾಪ್‌ಟಾಪ್ ಲೇಔಟ್‌ನಲ್ಲಿ ಕ್ಯಾಪ್ಸ್, ಶಿಫ್ಟ್, ಎಂಡ್. ಅಂದರೆ ಇಲ್ಲಿ ಒಟ್ಟು ನಾಲ್ಕು ಕೀ! ಬೆರಳು ನೋಯುತ್ತದೆ. ಎನ್‌ವಿಡಿಎ ಮೆನುವಿನ 'ಇನ್‌ಪುಟ್ ಜೆಸ್ಚರ್ಸ್'ಗೆ ಹೋಗಿ ಸುಲಭದ ಜೋಡಿಯೊಂದನ್ನು ಕೊಟ್ಟೆ. ಬಹುತೇಕ ಆಜ್ಞೆಗಳನ್ನು ಹೀಗೆ ಬದಲಾಯಿಸಬಹುದು. ರೈಟ್ ಕ್ಲಿಕ್ ಮೆನುವಿನ ಕೀ ಇಲ್ಲದವರಿಗೆ ಶಿಫ್ಟ್ ಮತ್ತು ಎಫ್10 ಇದ್ದೇ ಇದೆ. ನಾನು ಕೀಗಳ ಕೆಲಸ ಬದಲಿಸಬಲ್ಲ ಮೈಕ್ರೋಸಾಫ್ಟ್‌ನ ಪವರ್‌ಟಾಯ್ಸ್ ಹಾಕಿ ಬಲಗಡೆಯ ಆಲ್ಟ್ ಅನ್ನೇ ಆ ಕೀ ಮಾಡಿಕೊಂಡಿದ್ದೇನೆ. ಅದೂ ಪುಕ್ಕಟೆ. ಆದರೆ ಪವರ್‌ಟಾಯ್ಸ್ ಹಿನ್ನೆಲೆಯಲ್ಲಿ ಓಡುತ್ತಿದ್ದರೆ ಮಾತ್ರ ಈ ಬದಲಾವಣೆ ನಡೆಯುತ್ತದೆ, ಲಾಗಿನ್ ಪರದೆಯಲ್ಲಿ ಇಲ್ಲ.

ಎಫ್ ಕೀಗಳ ನಡುವೆ ಸಂದು ಇಲ್ಲದ್ದರಿಂದ ಎಫ್7 ಹುಡುಕುವುದು ಕಷ್ಟವಾಗಿತ್ತು. ಕ್ಯಾಪ್ಸ್ ಜೊತೆ ಒತ್ತಿದರೆ ವೆಬ್ ಪುಟದ ಲಿಂಕು, ಹೆಡಿಂಗ್‌ಗಳ ಪಟ್ಟಿ ತೆರೆಯುವುದು ಅದೇ ಅಲ್ವಾ, ಅದಿಲ್ಲದೆ ಆಗದು. ಅದರ ಮೇಲೆ ಒಂದು ಸ್ಟಿಕ್ಕರ್ ಬಿಂದಿ ಅಂಟಿಸಿದ್ದೇನೆ. ಅಂಗಡಿಯಲ್ಲೇ ಕೀಬೋರ್ಡಿನ ಮೇಲೆ ಬೆರಳಾಡಿಸಿ ನೋಡಿ, ನಾಚಿಕೆ ಬೇಡ. ಬಾಣಗಳು ತೀರಾ ಚಿಕ್ಕವಾಗಿದ್ದರೆ ಬೇಡ ಅನ್ನಿ.

ಶಾಲೆಯ ಹಳೆಯ ಕಂಪ್ಯೂಟರಿನಲ್ಲಿ ಇನ್ಸರ್ಟ್ ಕಿತ್ತೇ ಹೋಗಿದೆ. ಅದಕ್ಕೆ ಎನ್‌ವಿಡಿಎಯ ಇನ್‌ಸ್ಟಾಲ್ ಮಾಡದೆಯೇ ಓಡುವ ಪೋರ್ಟಬಲ್ ಪ್ರತಿಯನ್ನು ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಂಡಿದ್ದೇನೆ. ನನ್ನ ಸೆಟ್ಟಿಂಗ್‌ಗಳೆಲ್ಲ ಅದರಲ್ಲೇ ಇವೆ, ಚುಚ್ಚಿ ತೆರೆದ ಕೂಡಲೇ ಕ್ಯಾಪ್ಸ್ ಲಾಕ್ ಕೆಲಸ ಮಾಡುತ್ತದೆ. ಲಾಗಿನ್ ಪರದೆಯನ್ನು ಮಾತ್ರ ಪೋರ್ಟಬಲ್ ಪ್ರತಿ ಓದುವುದಿಲ್ಲ. ಅಷ್ಟು ಕೆಲಸಕ್ಕೆ ಪಕ್ಕದ ತರಗತಿಯ ಟೀಚರನ್ನು ಕರೆಯುತ್ತೇನೆ.